ಸಾಫ್ಟು

ನರಸಾಪುರದ ಕಾರ್ಖಾನೆಗೆ ಬಂದಿಳಿದ ಆ ಮನುಷ್ಯ,
ಹೆಸರು ರೈಮೊ, ದೇಶ ಫಿನ್‌ಲ್ಯಾಂಡು,
ಎರಡೇ ದಿನದ ಬಿಸಿಲಿಗೆ ಟೊಮೆಟೊ ಆದ.
ಮಾರ್ಕೆಟ್ ಕಡೆ ಹೋಗಬೇಡಪ್ಪಾ, ಕ್ರೇಟಿಗೆ ತುಂಬಿಬಿಟ್ಟಾರು
ಎಂದು ಕ್ಯಾಂಟೀನಿನ ಪಿಳ್ಳಮ್ಮ ತೆಲುಗಿನಲ್ಲೇ ಅಂದಳು.
ನಕ್ಕ. ಅರ್ಥವಾಗಿ ಅಲ್ಲ.

ಮೂರನೇ ಲೈನಿನ ಮುಂದೆ ನಲವತ್ತು ಜನರನ್ನು ನಿಲ್ಲಿಸಿಕೊಂಡು
ಮಾತಿಗೆ ಶುರು ಹಚ್ಚಿದ.
ಬೇರಿಂಗು ಅವನ ಬಾಯಲ್ಲಿ ಪೇರಿಂಗು,
ಬೋಲ್ಟು ಪೋಲ್ಟು, ಗ್ರೀಸು ಕ್ರೀಸು,
ಪ್ರತಿ ಪದದ ನೆತ್ತಿಗೂ ಒಂದೊಂದು ಸುತ್ತಿಗೆ ಏಟು,
ಬಾಲ ಬಂದರೆ ಬರಲಿ, ಬಿಟ್ಟರೆ ಬಿಡಲಿ.
ರ ಬಂದಾಗ ಸೈಕಲ್ ಚಕ್ರಕ್ಕೆ ಕಡ್ಡಿ ಕೊಟ್ಟ ಹಾಗೆ.
ಹಿಂದಿನ ಸಾಲಿನ ಟ್ರೈನಿ ಹುಡುಗರು ಕೆಮ್ಮಿದರು.
ಊಟಿ ಕಾನ್ವೆಂಟಿನ ವಿಶ್ವಜಿತ್ ಸಾರು ನೆಲ ನೋಡಿದರು
ನಗುವನ್ನು ಟೈಯೊಳಗೆ ಸಿಕ್ಕಿಸಿಕೊಂಡು.
ರೈಮೊ ನಿಲ್ಲಿಸಿದ. ಕಾದ.
ಮತ್ತೆ ಅದೇ ಪದ, ಅದೇ ಏಟು: ಪೇರಿಂಗ್.
ಕ್ಷಮೆ ಕೇಳಲಿಲ್ಲ.

ನಾನೋ,
ಹನ್ನೊಂದು ವರ್ಷದಿಂದ ಇಲ್ಲೇ, ಕ್ವಾಲಿಟಿಯಲ್ಲಿ.
ಇಂಗ್ಲಿಷ್ ಮ್ಯಾನುಯಲ್ಲು ಮಗ್ಗಿಯಷ್ಟೇ ಗೊತ್ತು.
ಮೀಟಿಂಗಿನಲ್ಲಿ ಯಾರಾದರೂ ನನ್ನ ಕಡೆ ತಿರುಗಿದರೆ
ಪೆನ್ನಿನ ಮುಚ್ಚಳ ತೆಗೆಯುವುದು, ಹಾಕುವುದು.
ಕಾರಣ ಹೇಳಿದರೆ ನಗಬೇಡಿ. ಒಂದು ಅಕ್ಷರ.

ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ,
ಎರಡಕ್ಕೂ ಸೇರಿ ವಕ್ಕಲೇರಿಯ ನಮ್ಮ ಕೇರಿಗೆ ಒಂದೇ ಸ.
ಐದನೇ ಕ್ಲಾಸಿನಲ್ಲಿ ಚನ್ನಕೃಷ್ಣ ಮೇಷ್ಟ್ರು
ಶಂಕರ ಅನ್ನು ಅಂದರು.
ಸಂಕರ ಅಂದೆ.
ಶಂಕರ.
ಸಂಕರ.
ಸಂಕರ ಅಂದರೆ ಏನೆಂದು ಇಡೀ ಕ್ಲಾಸಿಗೆ ಬಿಡಿಸಿ ಹೇಳಿದರು.
ಆಮೇಲೆ ಅಂಗೈಗೆ ಹುಣಸೆ ಬರ್ಲು.
ಶ ಎಲ್ಲಿ ಹುಟ್ಟುತ್ತದೆಂದು ತೋರಿಸಲು
ಬೋರ್ಡಿನ ಮೇಲೊಂದು ನಾಲಿಗೆ ಬರೆದರು.
ಆ ಬಿಳೀ ನಾಲಿಗೆ ನೋಡಿ ನನ್ನದು ಹೆದರಿ ಮಲಗಿದ್ದು
ಎದ್ದೇ ಇರಲಿಲ್ಲ.

ಗುರುವಾರ ಮೂರನೇ ಲೈನು ಮತ್ತೆ ಬಿಸಿ.
ರೈಮೊ ಮೊಣಕಾಲೂರಿ, ಮಷಿನಿನೊಳಗೆ ತಲೆ ತೂರಿಸಿ
ಅಲ್ಲಿಂದಲೇ ಕೂಗಿದ: ಹೂ ನೋಸ್ ತಿಸ್ ಸಾಫ್ಟ್?
ಸಾಫ್ಟ್?
ವಿಶ್ವಜಿತ್ ಸಾರು ಸಾಫ್ಟ್‌ವೇರಿನವರನ್ನು ಕರೆಸಲು ಫೋನು ತೆಗೆದರು.
ನನ್ನ ಎದೆ ಢವ್ ಅಂದಿತು.
ಶಾಫ್ಟು!
ಅಷ್ಟು ಹಿಮ ದಾಟಿ ಬಂದವನ ಬಾಯಲ್ಲಿ
ನನ್ನ ಸ. ನನ್ನ ಅಂಗೈಯ ಸ.

ಸಾಫ್ಟ್ ಈಸ್ ಓಕೆ ಸಾರ್, ಅಂದೆ, ಜೋರಾಗಿ.
ವಾಸರ್ ಈಸ್ ರಾಂಗ್. ನೈಟ್ ಸಿಫ್ಟ್ ಪುಟ್ ಓಲ್ಡ್ ವಾಸರ್.
ಬೀದಿ ನಲ್ಲಿಯ ಮುಂದಿನ ಬಿಂದಿಗೆಗಳ ಹಾಗೆ
ಒಂದರ ಹಿಂದೊಂದು ನಿಂತವು ನನ್ನ ತಪ್ಪುಗಳು.
ತಲೆ ಹೊರಗೆ ಬಂತು, ಕಿವಿಯ ತುಂಬ ಗ್ರೀಸು.
ವಾಸರ್? ಅಂದ.
ಎಸ್. ವಾಸರ್.
ಬಿಚ್ಚಿದೆವು. ಅದೇ.

ಟೀ ಹೊತ್ತಿಗೆ ನನ್ನ ಇಂಗ್ಲಿಷಿನಲ್ಲೇ ಕೇಳಿದೆ,
ಅವರು ನಗ್ತಾರಲ್ಲ, ನಾಚಿಕೆ ಆಗಲ್ವಾ?
ಸಕ್ಕರೆ ಕಲಕುತ್ತ ಬಹಳ ಹೊತ್ತು ಸುಮ್ಮನಿದ್ದ,
ಅವನ ಊರಲ್ಲಿ ಉತ್ತರಕ್ಕೆ ಮುಂಚೆ ಇಷ್ಟು ಜಾಗ ಬಿಡುತ್ತಾರಂತೆ.
ಮಷಿನು ತಿರುಗ್ತಲ್ಲ, ಅಂದ.
ಆಮೇಲೆ ತನ್ನ ಭಾಷೆಯ ಎರಡು ಪದ ಕೊಟ್ಟ:
ಬ್ಯಾಂಕಿಗೆ ಪಂಕ್ಕಿ, ಬಸ್ಸಿಗೆ ಬುಸ್ಸಿ.
ನೆಂಟರಾಗಿ ಬಂದ ಪದಕ್ಕೆ ನಾವೊಂದು ಉ ಹಚ್ಚಿ
ಒಳಗೆ ಕರೆದುಕೊಳ್ಳುತ್ತೇವೆ, ಅವರು ಇ ಹಚ್ಚುತ್ತಾರೆ.
ಪಿಳ್ಳಮ್ಮ ಮುದ್ದೆ ಮುಂದಿಟ್ಟು, ಇದಕ್ಕೇನಂತೀಯ? ಅಂದಳು.
ಉತ್ತರ ಹೇಳಲು ಬಾಯಲ್ಲಿ ಜಾಗವಿರಲಿಲ್ಲ.

ಸಂಜೆ ಗೇಟಿನ ಹತ್ತಿರ ಕಂಕರತ್ನಾ ಎಂದು ಯಾರೋ ಕೂಗಿದರು.
ನಾನು ಗಂಗರತ್ನ. ತಿದ್ದೋಣವೆಂದು ತಿರುಗಿದೆ.
ಅಂಗೈ ಚಾಚಿ ನಿಂತಿದ್ದ, ಅದರಲ್ಲಿ ಆ ಹಳೇ ವಾಷರು.
ತೆಗೆದುಕೊಂಡು ಬಸ್ಸಿಗೆ ಓಡಿದೆ.
ನಾಳೆ ಯಾವ ವಾರ? ಎಂದಳು ಪಕ್ಕದ ಸೀಟಿನವಳು.
ಸುಕ್ರವಾರ, ಅಂದೆ,
ಡ್ರೈವರಿಗೂ ಕೇಳಿಸುವ ಹಾಗೆ.