ಪಾಠ ಮೂರು

ಶಿಫ್ಟು ಮುಗಿದರೂ ಯಶವಂತಪುರ ಡಿಪೋ ಗೋಡೆಗೊರಗಿ ಕೂತಿದ್ದೇನೆ.
ಇಪ್ಪತ್ತೆಂಟು ವರ್ಷದ ಗ್ರೀಸಿಗೆ
ಬೆರಳಚ್ಚು ಸವೆದು ಫೋನು ಗುರುತೇ ಹಿಡಿಯದು;
ನಂಬರೊತ್ತಿ ಒಳಗೆ ಹೋಗಬೇಕು.

ಕೋರ್ಸು ಪುಕ್ಕಟೆ. ಸರ್ಟಿಫಿಕೇಟಿಗೆ ಮಾತ್ರ ದುಡ್ಡು.
ಇರಲಿ, ಗೋಡೆಗೆ ಮೊಳೆ ಹೊಡೆಯಲು ಓನರು ಬಿಡುವುದಿಲ್ಲ.

ಮೇಡಂ ಬ್ಯಾಟರಿ ಬಿಚ್ಚಿ ತೋರಿಸುತ್ತಾರೆ.
ಅರ್ಥವಾಗದಿದ್ದರೆ ಹಿಂದಕ್ಕೆ ಎಳೆಯುತ್ತೇನೆ,
ಐದು ಸಲ, ಆರು ಸಲ.
ಒಮ್ಮೆಯೂ ದಡ್ಡ ಅಂದಿಲ್ಲ.
ಎಂಟನೇ ಕ್ಲಾಸಿನ ಪುಟ್ಟಮಾದಯ್ಯ ಮೇಷ್ಟ್ರಿಗೆ
ಅಷ್ಟು ಪುರುಸೊತ್ತಿರಲಿಲ್ಲ.

ಕರೆಂಟಿನ ಬಸ್ಸು ಸದ್ದೇ ಇಲ್ಲದೆ ಬಂದು ಪಕ್ಕ ನಿಂತಿದೆ.
ಡೀಸೆಲ್ ಗಾಡಿಯಾದರೆ ಕೆಮ್ಮಿನಲ್ಲೇ ಕಾಯಿಲೆ ಹೇಳುತ್ತಿತ್ತು.
ಇದರ ಹೊಟ್ಟೆಗೆ ಕಿವಿಯಿಟ್ಟೆ.

ಏನೂ ಕೇಳಿಸಲಿಲ್ಲ.
ಬನಿಯನ್ ವೇಸ್ಟಿಗೆ ಕೈಯೊರೆಸಿ
ಪಾಠ ಮೂರನ್ನು ಮತ್ತೆ ಮೊದಲಿಂದ ಹಾಕಿದೆ.