ಉಳಿದ ಗುಳಿಗೆಗಳ ಲೆಕ್ಕ

ಜಂಜಾನಿನ ಆಸ್ಪತ್ರೆಯಲ್ಲಿ ನನ್ನ ಕೆಲಸ ಎಣಿಸುವುದು.
ಹನ್ನೆರಡು ವಾರ ಕಳೆದು ಹಿಂದೆ ಬಂದ ಸೀಸೆಯ ಅಡಿಯಲ್ಲಿ
ಉಳಿದದ್ದೆಷ್ಟು, ನುಂಗಿದ್ದೆಷ್ಟು,
ಮರೆತದ್ದೆಷ್ಟು, ಮರೆತೆನೆಂದು ಹೇಳಲು ಮರೆತದ್ದೆಷ್ಟು.

ಸೀಸೆಗಳು ಎರಡು ಬಗೆ, ಕಣ್ಣಿಗೆ ಒಂದೇ.
ಒಂದರಲ್ಲಿ ಅರಿಸಿನದ ಸಾರ, ಇನ್ನೊಂದರಲ್ಲಿ ಬರೀ ಪಿಷ್ಟ,
ಎರಡಕ್ಕೂ ಅದೇ ಕಂದು ಸಿಪ್ಪೆ.
ಯಾರಿಗೆ ಯಾವುದೆಂದು ರೋಗಿಗೆ ತಿಳಿಯದು, ನನಗೂ ತಿಳಿಯದು,
ತಿಳಿದಿರುವುದು ತೆಹರಾನಿನಲ್ಲೊಂದು ಕಪಾಟಿನೊಳಗಿನ ಲಕೋಟೆಗೆ.

ಸೈಫುಲ್ಲಾ ತಾಮ್ರದ ಬಜಾರಿನವನು.
ಎಪ್ಪತ್ತಕ್ಕೆ ಎರಡು ಕಡಿಮೆ, ಎದೆಯಲ್ಲಿ ಎರಡು ಸ್ಟೆಂಟು,
ಐವತ್ತು ವರ್ಷ ಸುತ್ತಿಗೆಯ ಜೊತೆ ಮಾತಾಡಿ ಕಿವಿ ಮಂದ.
ಮೊದಲ ದಿನ ಒಪ್ಪಿಗೆ ಪತ್ರ ಹಿಡಿದು
ಉರಿಯೂತವೆಂದರೆ ಇದು, ಉತ್ಕರ್ಷಣವೆಂದರೆ ಅದು ಎಂದು
ಕೂಗಿ ಕೂಗಿ ಹೇಳುತ್ತಿದ್ದೆ. ಕೈಯೆತ್ತಿ ನಿಲ್ಲಿಸಿದ.

"ಗಾಳಿ ಕಚ್ಚುತ್ತದೆ ಅನ್ನು ಮಗಳೇ, ಸಾಕು.
ತಾಮ್ರವನ್ನೂ ಕಚ್ಚುತ್ತದೆ, ಕಿಲುಬು ಕಟ್ಟುತ್ತದೆ.
ಹತ್ತು ವರ್ಷದವನಿದ್ದಾಗ ಕಡಾಯಿಯೊಳಗೆ ಬರಿಗಾಲಲ್ಲಿ ನಿಂತು
ಮರಳು ತುಳಿದು, ಬೂದಿ ತುಳಿದು,
ಸೊಂಟ ತಿರುಗಿಸಿ ತಿರುಗಿಸಿ ಉಜ್ಜುತ್ತಿದ್ದೆ.
ಆಮೇಲೆ ಉಸ್ತಾದ ನವಸಾಗರ ಎರಚಿ
ಕಾದ ಒಡಲಿಗೆ ತವರ ಮುಟ್ಟಿಸಿ
ಹತ್ತಿಯಲ್ಲಿ ಒಂದೇ ಒಂದು ಸುತ್ತು.
ಒಳಗೆ ಬೆಳದಿಂಗಳು ಬಂದು ಕೂರುತ್ತಿತ್ತು.
ನಿನ್ನ ಗುಳಿಗೆಯೂ ಅದೇನಾ? ಎದೆಗೆ ಕಲಾಯಿ?"

ಹೌದು ಅನ್ನುವಷ್ಟು ಬಾಯಿ ಬಂದಿತ್ತು.
ಗೊತ್ತಿಲ್ಲ, ಎಂದೆ.
ಗೊತ್ತಿಲ್ಲದ್ದಕ್ಕೇ ಅಲ್ಲವೆ ಇಷ್ಟೆಲ್ಲ ರಕ್ತ,
ಇಷ್ಟು ಪುಟ್ಟ ಕೊಳವೆಗಳು, ಈ ಮಂಜಿನ ಪೆಟ್ಟಿಗೆ.

ಇವತ್ತು ಜೊತೆಗೆ ಬೈರಾಮಲಿ. ಎದುರಂಗಡಿಯವನು,
ಬೈಪಾಸ್ ಆದವನು, ನನ್ನ ಪಟ್ಟಿಯಲ್ಲಿ ಅರವತ್ತೊಂದು;
ಸೈಫುಲ್ಲಾ ಅರವತ್ತು.
ಇಬ್ಬರ ಸೀಸೆಯಲ್ಲೂ ಏಳೇಳು.
ಇಷ್ಟು ಅಚ್ಚುಕಟ್ಟಾದ ಲೆಕ್ಕ ಕಂಡರೆ ನನಗೆ ಅನುಮಾನ.
ಕೇಳಿದೆ. ತುಟಿ ಪಿಟಕ್ಕೆನ್ನದೆ ಗೋಡೆ ನೋಡಿದರು,
ಗೋಡೆಯ ಮೇಲಿನ ಹೃದಯದ ಚಿತ್ರ ನೋಡಿದರು.

"ಒಬ್ಬರಿಗೆ ಮದ್ದು, ಒಬ್ಬರಿಗೆ ಹಿಟ್ಟು ಅಂದಿರಿ,"
ಬೈರಾಮಲಿ ಟೊಪ್ಪಿ ಮಡಚಿದ, "ನಿದ್ದೆ ಬರಲಿಲ್ಲ."
"ನನಗೆ ಬಂತು," ಎಂದ ಸೈಫುಲ್ಲಾ, "ಇವನೇ ಬಂದು ಎಬ್ಬಿಸಿದ."
ಮೊದಲ ವಾರವೇ ಎರಡೂ ಸೀಸೆ ಒಂದು ಬಟ್ಟಲಿಗೆ ಸುರಿದು
ಕಣ್ಣು ಮುಚ್ಚಿ ಕಲಸಿ
ಸೆನೋಬರ್ ಖಾನುಮಳ ಕೈಯಿಂದ ಸಮಪಾಲು ಮಾಡಿಸಿದರಂತೆ.
ಬಟ್ಟಲಿಗೆ ಹೊಸದಾಗಿ ಕಲಾಯಿ ಹಾಕಿಸಿತ್ತಂತೆ.
ಅದನ್ನೂ ಸೇರಿಸಿ ಹೇಳಿದರು, ನನಗೆ ಶುಚಿಯ ಚಿಂತೆ ಬೇಡವೆಂದು.

ರಕ್ತ ತೆಳುವಾಗಿಸುವ ಮಾತ್ರೆ? ಅದನ್ನೂ ಹಂಚಿಕೊಂಡಿರಾ?
"ಛೆ, ಅದು ಅವರವರದು!"

ಹನ್ನೆರಡು ವಾರ, ಹೊಳೆಯಲ್ಲಿ ತೊಳೆದ ಹುಣಸೆಹಣ್ಣು.
ಕೆನ್ನೆ ಬಿಸಿಯಾಯಿತು, ಕಿವಿ ಬಿಸಿಯಾಯಿತು,
ಆ ಹೊತ್ತು ನನ್ನ ರಕ್ತ ತೆಗೆದಿದ್ದರೆ ಏನೇನು ಏರಿರುತ್ತಿತ್ತೋ.
ಬೈಯಲು ಬಾಯಿ ತೆರೆದೆ.
ಆದರೆ ನಾವು ಕಟ್ಟಿದ ಕಣ್ಣುಪಟ್ಟಿಯನ್ನು
ಇವರು ಬಿಚ್ಚಿರಲಿಲ್ಲ,
ಇನ್ನೊಂದು ಸುತ್ತು ಬಿಗಿದುಕೊಂಡಿದ್ದರು, ಅಷ್ಟೆ.

ನಿಯಮದಂತೆ ರಕ್ತ ತೆಗೆದೆ.
ನಿಯಮದಂತೆ ಎರಡು ಹೆಸರಿನ ಮೇಲೆ ಗೆರೆ ಎಳೆದೆ.
ಕಾರಣ ಬರೆಯಲು ಹೆಬ್ಬೆಟ್ಟಿನಗಲದ ಜಾಗ:
ಗುಳಿಗೆ ಅದಲುಬದಲು, ಎಂದು ಬರೆದೆ. ಬೇರೇನು ಹಿಡಿಸುತ್ತದೆ ಅಲ್ಲಿ?
ಕಿಟಕಿಯ ಕೆಳಗೆ ಅವರಿಬ್ಬರೂ
ಬಸ್ಸಿನ ದುಡ್ಡು ನಾನು ಕೊಡುವೆ, ನಾನು ಕೊಡುವೆ ಎಂದು
ಬೀದಿ ತುಂಬ ಜಗಳ. ಇಬ್ಬರಿಗೂ ಕಿವಿ ಕೇಳದು.

ಸಂಜೆ ಔಷಧಿ ಅಂಗಡಿಗೆ ಹೋಗಿ
ಕಳೆದ ತಿಂಗಳಂತೆ ಅಪ್ಪನಿಗೆ ಮೀನೆಣ್ಣೆಯ ಡಬ್ಬಿ ಕೊಂಡೆ.
"ನೀವು ಅದೇ ಕೆಲಸದಲ್ಲಿರುವವರು," ಎಂದ ಅಂಗಡಿಯವನು,
"ನಿಜ ಹೇಳಿ, ಇದರಿಂದ ಏನಾದರೂ ಆಗುತ್ತದಾ?"
ಚಿಲ್ಲರೆ ಎಣಿಸಿದೆ.
ಸರಿ ಇತ್ತು. ಮತ್ತೊಮ್ಮೆ ಎಣಿಸಿದೆ.