ಗೆರೆ ಎಳೆದ ಹೆಸರು

ಹತ್ತೊಂಬತ್ತು ವರ್ಷ ಒರಾಯನ್ನಿನ ಕೆಳಗೆ ಮಲಗಿ ಎದ್ದವನು ನಾನು.
ಬೆನ್ನಿಗೆ ಸಿಮೆಂಟು, ಮೂಗಿನ ಮೇಲೆ ಅದರ ಹೊಟ್ಟೆ.
ನಾಲ್ಕು ಎಂಜಿನ್, ನಾಲ್ಕಕ್ಕೂ ನಾಲ್ಕು ಸ್ವಭಾವ.
ಒಂದನೆಯದು ಬೆಳಿಗ್ಗೆ ಕೆಮ್ಮುತ್ತಿತ್ತು.
ಮೂರನೆಯದಕ್ಕೆ ಸದಾ ಎಣ್ಣೆ ಜಿನುಗು,
ನೆಗಡಿಯಾದ ಮಗುವಿನ ಹಾಗೆ
ನಮ್ಮ ತೋಳಿಗೇ ಒರೆಸುತ್ತಿತ್ತು.

ಕಡಲ ಮೇಲೆ ತಗ್ಗಿ ಹಾರಿ ಬಂದ ದಿನ
ಉಪ್ಪು ತೊಳೆಯಬೇಕು, ಬಿಟ್ಟರೆ ರಿವೆಟ್ಟಿನ ಸುತ್ತ ಬಿಳಿ ಬೂಷ್ಟು.
ಎಮ್ಮೆಯ ಮೈ ತಿಕ್ಕಿದ ಹಾಗೆ ತಿಕ್ಕಿದೆವು
ನಾನು, ಹಾನ್, ಮುದುಕ ಟ್ರೆತೆವಿ.
ಸಾಲ್ಸ್‌ಬರಿಯಲ್ಲಿ ಬಡಗಣ ಗಾಳಿಯೆಂದರೆ ಒಲೆಯ ಬಾಯಿ;
ರೆಕ್ಕೆಯಿಂದ ಬಿದ್ದ ನೀರು ನೆಲ ಮುಟ್ಟುವಷ್ಟರಲ್ಲಿ ಅರ್ಧ ಆರಿರುತ್ತಿತ್ತು.
ರಾತ್ರಿ ಪಾಳಿಯಲ್ಲಿ ಮೇಲೆ ನೋಡಿದರೆ ಇನ್ನೊಂದು ಒರಾಯನ್,
ನಮ್ಮ ಮಹಾವ್ಯಾಧ, ಇಲ್ಲಿ ತಲೆಕೆಳಗು.
ಬಾಣಲೆ ಅನ್ನುತ್ತಾರೆ ಈ ಊರಿನವರು ಅದನ್ನು.

ಆಮೇಲೆ ಪೊಸೈಡನ್ ಬಂತು.
ಎರಡೇ ಎಂಜಿನ್, ಕೆಮ್ಮಿಲ್ಲ, ನೆಗಡಿಯಿಲ್ಲ.
ಎಲ್ಲಿ ನೋವೆಂದು ತಾನೇ ಹೇಳುತ್ತದೆ
ಲ್ಯಾಪ್‌ಟಾಪಿನಲ್ಲಿ, ಉದ್ದದ ಅಂಕಿಯಲ್ಲಿ.
ಹದಿನಾಲ್ಕು ವಾರ ತರಗತಿ. ಪಕ್ಕದಲ್ಲಿ ಕೂತವಳು
ನಾನು ಸೇವೆಗೆ ಸೇರಿದ ವರ್ಷ ಹುಟ್ಟಿದವಳು,
ಪರೀಕ್ಷೆಯಲ್ಲಿ ನನಗಿಂತ ಹನ್ನೊಂದು ಅಂಕ ಹೆಚ್ಚು.

ಎರಡೂ ಒಟ್ಟಿಗಿದ್ದ ಆ ಎರಡು ವರ್ಷ!
ಸೋಮವಾರ ಹಳೆಯದು, ಬುಧವಾರ ಹೊಸದು, ಗುರುವಾರ ಮತ್ತೆ ಹಳೆಯದು.
ತಲೆ ಬೇಗ ಕಲಿತುಬಿಟ್ಟಿತು. ಕೈ ಹಟ ಹಿಡಿಯಿತು.
ಒಂದು ರಾತ್ರಿ ಮೂರು ಗಂಟೆಗೆ
ಪೊಸೈಡನ್ನಿನ ಚಕ್ರದ ಗೂಡಿನೊಳಗೆ ತೋಳು ತೂರಿಸಿದೆ.
ನನ್ನನ್ನು ಕೇಳದೆ ಕೈ ಎಡಕ್ಕೆ ಹೋಯಿತು,
ಅಲ್ಲಿಲ್ಲದ ವಾಲ್ವನ್ನು ಹಿಡಿದು
ಬರೀ ಗಾಳಿಯನ್ನು ಕಾಲು ಸುತ್ತು ತಿರುಗಿಸಿಯೂ ಬಿಟ್ಟಿತು.
ಹಾನ್ ನೋಡಿದಳು, ನಗಲಿಲ್ಲ.
ನನಗೂ ಆಗಿದೆ ಎಂದಳು. ಟಾರ್ಕಿನ ಅಂಕಿ ಬಾಯಿಬಿಟ್ಟು ಓದು ಎಂದಳು.
ಅಂದಿನಿಂದ ಓದುತ್ತೇನೆ,
ಒಂದನೇ ಇಯತ್ತೆಯ ಹುಡುಗನ ಹಾಗೆ, ಸಾಲಿನ ಕೆಳಗೆ ಬೆರಳಿಟ್ಟು.

ಸ್ಪ್ಯಾನರ್ ಎಣಿಸುವುದು ಮಾತ್ರ ಬದಲಾಗಲಿಲ್ಲ.
ಪಾಳಿ ಮುಗಿದಾಗ ಪೆಟ್ಟಿಗೆಯ ಮುಂದೆ ನಿಂತು
ಲಾಭ, ಎರಡು, ಮೂರು...
ದಲ್ಲಾಳಿ ಅಂಗಡಿಯಲ್ಲಿ ಜೋಳ ಅಳೆಯುವಾಗ
ನಮ್ಮಪ್ಪನ ಬಾಯಲ್ಲಿ ಒಂದು ಎಂಬುದು ಬಂದದ್ದೇ ಇಲ್ಲ.
ಟ್ರೆತೆವಿ ತನ್ನ ನಿವೃತ್ತಿಯ ದಿನ ಕೇಳಿದ,
ಇಷ್ಟು ವರ್ಷ ಕೇಳಿಸಿಕೊಂಡೆ, ಆ ಮೊದಲನೆಯದರ ಅರ್ಥವೇನು?
ಹೇಳಿದೆ. ಸ್ವಲ್ಪ ಯೋಚಿಸಿ,
ಒಂದೂ ವಿಮಾನದೊಳಗೆ ಉಳಿಯಲಿಲ್ಲವಲ್ಲ, ಲಾಭವೇ ಸರಿ ಅಂದ.

ಕೊನೆಯ ಒರಾಯನ್ ಹೋದ ಮೇಲೆ
ನನ್ನ ಪರವಾನಗಿ ಪುಸ್ತಕದಲ್ಲಿ ಅದರ ಹೆಸರಿನ ಮೇಲೆ ಗೆರೆ ಎಳೆದರು.
ಅವಧಿ ಮುಗಿದಿದೆ. ಅಂದರೆ, ಕಾಗದದ ಪ್ರಕಾರ,
ನನಗೆ ಅದು ಗೊತ್ತಿಲ್ಲ.

ಹೋದ ಮಾರ್ಚಿನಲ್ಲಿ ಬೇರೆ ದೇಶದ್ದೊಂದು ಬಂದಿಳಿಯಿತು.
ಸದ್ದಿಗೆ ಹ್ಯಾಂಗರಿನಲ್ಲಿ ಮೂವರು ತಲೆಯೆತ್ತಿದೆವು,
ಹುಡುಗರು ಕೆಲಸ ಮಾಡುತ್ತಲೇ ಇದ್ದರು.
ಮೂರನೇ ಎಂಜಿನ್. ಎಣ್ಣೆ. ಇನ್ನೇನು ಮತ್ತೆ.
ಅವರ ಹುಡುಗನೊಬ್ಬ ಏಣಿಯ ಮೇಲೆ
ಟಾರ್ಚು ಹಲ್ಲಿನಲ್ಲಿ ಕಚ್ಚಿ ಹುಡುಕುತ್ತಿದ್ದ.
ನಾನು ಮುಟ್ಟುವ ಹಾಗಿಲ್ಲ. ಏಣಿಯ ಬುಡದಲ್ಲಿ ನಿಂತೆ,
ಕೈಗಳೆರಡೂ ಜೇಬಿನಲ್ಲಿ.

ಟಾರ್ಚು ಆರಿಸು ಅಂದೆ, ಕಣ್ಣಿಗೆ ಸಿಗುವಂಥದ್ದಲ್ಲ ಅದು.
ಎಡಗೈ. ಮೊಣಕೈವರೆಗೆ.
ಪೈಪಿನ ಹಿಂದೆ. ಇನ್ನೂ ಹಿಂದೆ. ಬಿಸಿಯಿದೆ, ಹೆದರಬೇಡ.
ಈಗ ಮೇಲಕ್ಕೆ, ಒಂದು ಗೇಣು.

ಜೇಬಿನೊಳಗೆ ನನ್ನ ಬೆರಳು ಮಡಚಿಕೊಂಡವು.

ಸಿಕ್ಕಿತು, ಎಂದ ಅವನು.